ಹೊಳಿಯವ್ವನ ಹಗುರ ಕೈ

ಕುಪ್ಪೇಲೂರಿನ ಹೊಳಿಯವ್ವನ ಕೈ ಹಗುರ ಎಂಬುದು ಊರಿಗೆಲ್ಲ ಗೊತ್ತಿತ್ತು. ಮಿಶ್ರತಳಿ ಬೀಜಕ್ಕಾಗಿ ಹತ್ತಿ ಬೆಳೆಯುವ ಹೊಲಗಳಲ್ಲಿ ಅವಳಿಗೆ ಬಲು ಬೇಡಿಕೆ. ನಾಳೆ ಅರಳುವ ಮೊಗ್ಗನ್ನು ಉಗುರಿನಿಂದ ಬಿಡಿಸಿ, ನಡುವಿನ ಎಳೆಗೆ ಒಂದು ಗೀರೂ ಆಗದಂತೆ ಸುತ್ತಲಿನ ಪರಾಗದ ಕೇಸರಗಳನ್ನಷ್ಟೇ ತೆಗೆಯುವುದು ಎಲ್ಲರಿಗೂ ಬರುವ ಕೆಲಸವಲ್ಲ.

೧೯೮೫ರ ಶ್ರಾವಣದಲ್ಲಿ ಅವಳಿಗೆ ಮೊದಲ ಮಗ ಹುಟ್ಟಿದ. ಕೂಸನ್ನು ಒರೆಸುತ್ತಿದ್ದ ಸೂಲಗಿತ್ತಿ ಹುಸೇನಬಿ ದೀಪವನ್ನು ಹತ್ತಿರ ಎಳೆದುಕೊಂಡಳು. ಹೊಟ್ಟೆಯ ತೊಗಲು ಒಣದ್ರಾಕ್ಷಿಯ ಹಾಗೆ ಮುದುಡಿತ್ತು. ಅದರಡಿ ಕರುಳು ಹೊರಳುವುದು ಬರಿಗಣ್ಣಿಗೆ ಕಾಣುತ್ತಿತ್ತು. ನೋಡಲು ಬಂದ ಹೆಂಗಸರು ಗ್ರಹಣದ ಮಾತೆತ್ತಿದರು. ಅತ್ತೆ ಮರಿಯವ್ವ ಬಾಗಿಲಿಗೆ ಅಡ್ಡ ನಿಂತು, "ಕೂಸಿಗೆ ಹಾಲು ಕುಡ್ಯಾಕ ಬರತೈತಿ, ಅಳಾಕ ಬರತೈತಿ. ನಿಮ್ಮ ಗ್ರಹಣ ನಿಮ್ಮ ಮನ್ಯಾಗ ಇಟ್ಕೋರಿ," ಎಂದು ಅವರನ್ನು ಸಾಗಹಾಕಿದಳು. ಮೂರನೆಯ ದಿನವೇ ಮಗ ಪರಮೇಶಪ್ಪನನ್ನೂ ಬಾಣಂತಿ ಸೊಸೆಯನ್ನೂ ಕೂಸಿನೊಂದಿಗೆ ರಾಣೇಬೆನ್ನೂರಿನ ಬಸ್ಸು ಹತ್ತಿಸಿದಳು.

ಅಲ್ಲಿನ ಮಕ್ಕಳ ಡಾಕ್ಟರು ರಘೋತ್ತಮ ಕೂಸಿನ ಹೊಟ್ಟೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನೋಡಿದರು.

"ಇದು ಯಾರ ತಪ್ಪೂ ಅಲ್ಲವ್ವಾ. ಹೊಟ್ಟೀ ಸ್ನಾಯು ಸರಿಯಾಗಿ ಬೆಳದಿಲ್ಲ, ಅದಕ್ಕ ಚರ್ಮ ಸುಕ್ಕಾಗೇದ. ಆದರ ನಾವು ಕಾಯಬೇಕಾದ್ದು ಒಳಗಿನ ಮೂತ್ರಪಿಂಡ. ಮೂತ್ರದ ಚೀಲ ಸಡ್ಲಾಗಿ ದೊಡ್ಡದಾಗೇದ; ಉಚ್ಚಿ ಪೂರ್ತಿ ಹೋಗಂಗಿಲ್ಲ. ಉಳದದ್ದು ಕೆಟ್ಟು ಜ್ವರ ಬರತದ. ಹಂಗ ಮ್ಯಾಲಿಂದ ಮ್ಯಾಲೆ ಬಂದ್ರ ಮೂತ್ರಪಿಂಡ ಸೊರಗತಾವ. ವೃಷಣದ ಬೀಜಾನೂ ಕೆಳಗ ಇಳದಿಲ್ಲ, ಅದನ್ನ ಮುಂದ ಆಪರೇಶನ್ ಮಾಡಿ ಇಳಸಬೇಕು."

"ಬದುಕತಾನ್ರಿ?" ಹೊಳಿಯವ್ವ ಕೇಳಿದಳು.

"ಮೂತ್ರಪಿಂಡ ಉಳಿಸ್ಕೊಂಡ್ರ ಬದುಕತಾನ. ಅರ್ಧ ಕೆಲಸ ನಮ್ಮದು, ಅರ್ಧ ನಿಮ್ಮದು."

ಅವರ ಚೀಟಿ ಹಿಡಿದು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೋದರು. ಅಲ್ಲಿ ಹದಿನೈದು ದಿನ ಪರೀಕ್ಷೆಗಳು ನಡೆದವು. ಸೋಂಕು ತಡೆಯಲು ದಿನಕ್ಕೊಂದು ಸಣ್ಣ ಡೋಸು ಔಷಧ ನಿಗದಿಯಾಯಿತು. ನರ್ಸ್ ಮಹಮೂದಾಬೇಗಂ ಮೆತ್ತನೆಯ ಸಣ್ಣ ನಳಿಕೆಯಿಂದ ಉಚ್ಚೆ ತೆಗೆಯುವುದನ್ನು ತೋರಿಸಿದಾಗ ಪರಮೇಶಪ್ಪ ಗೋಡೆಯ ಕಡೆ ತಿರುಗಿದ. ಹೊಳಿಯವ್ವ ಕೈ ತೊಳೆದುಕೊಂಡು ಬಂದು ಕುಳಿತಳು. ಎರಡನೆಯ ಸಲಕ್ಕೇ ನಳಿಕೆ ಸಲೀಸಾಗಿ ಇಳಿಯಿತು. ಕೂಸು ಅಳಲೂ ಇಲ್ಲ.

"ಕೈ ಒಂಚೂರೂ ನಡಗಲಿಲ್ಲಲ್ಲ! ಎಲ್ಲಿ ಕಲ್ತೀರಿ?" ಎಂದಳು ನರ್ಸ್.

"ಹತ್ತೀ ಹೂವಿನ್ಯಾಗ್ರಿ."

ಕೂಸಿಗೆ ಫಕ್ಕೀರೇಶ ಎಂದು ಹೆಸರಿಟ್ಟರು. ಅಂದಿನಿಂದ ದಿನಕ್ಕೆ ನಾಲ್ಕು ಸಲ ನಳಿಕೆ ಕುದಿಸುವುದು, ಸಬಕಾರದಲ್ಲಿ ಕೈ ತೊಳೆದು ಉಚ್ಚೆ ತೆಗೆಯುವುದು. ಹೊಲದ ಮಾಲೀಕ ಕರಬಸಪ್ಪ ಪಂಪ್‌ಸೆಟ್ಟಿನ ಕೋಣೆಯಲ್ಲಿ ಕೂಸಿನೊಂದಿಗೆ ಕೆಲಸಕ್ಕೆ ಬರುವ ಅವಳಿಗಾಗಿಯೇ ಒಂದು ಸ್ಟೋವ್ ಇಡಿಸಿದ. ಉಚ್ಚೆ ಮಬ್ಬಾದರೆ ಸಾಕು, ಜ್ವರಕ್ಕೆ ಕಾಯದೆ ಹೊಳಿಯವ್ವ ಮೊದಲ ಬಸ್ಸಿಗೆ ಹೊರಡುತ್ತಿದ್ದಳು. ಇಷ್ಟಾದರೂ ಎರಡು ಸಲ ದವಾಖಾನೆಯಲ್ಲಿ ಮಲಗಿಸಬೇಕಾಯಿತು. ಎಡಗಡೆಯ ಮೂತ್ರಪಿಂಡ ಸೊರಗಿಯೇ ಉಳಿಯಿತು. ಬಲಗಡೆಯದು ಗಟ್ಟಿಯಾಗಿತ್ತು.

ಎರಡನೆಯ ವರ್ಷಕ್ಕೆ ಬೀಜ ಇಳಿಸಿದರು. ಹುಡುಗ ನಡೆಯುವುದು ತಡವಾಯಿತು. ಮಲಗಿದ್ದವನಿಗೆ ನೇರ ಏಳಲು ಬರುತ್ತಿರಲಿಲ್ಲ. ಮಗ್ಗುಲಾಗಿ ಮೊಣಕೈ ಊರಿ ಏಳುತ್ತಿದ್ದ. ದರ್ಜಿ ಶಮಶೇರಸಾಬ ಹೊಟ್ಟೆಗೆ ಅಗಲವಾದ ಪಟ್ಟಿ ಹೊಲಿದುಕೊಟ್ಟ, ಹುಡುಗ ಬೆಳೆದಂತೆಲ್ಲ ಅಳತೆ ತೆಗೆದು ಹೊಸದು ಹೊಲಿದ. ಕೆಮ್ಮಲು ಬಲವಿಲ್ಲದ್ದರಿಂದ ನೆಗಡಿಯಾದಾಗಲೆಲ್ಲ ಕಫ ಎದೆಯಲ್ಲೇ ಕೂರುತ್ತಿತ್ತು. ಮರಿಯವ್ವ ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮಿಸುತ್ತಿದ್ದಳು.

೧೯೯೦ರಲ್ಲಿ, ಐದು ತುಂಬಿದ ಮೇಲೆ, ಹುಬ್ಬಳ್ಳಿಯಲ್ಲಿ ಜೋಲುಬಿದ್ದ ತೊಗಲು ತೆಗೆದು, ಇಕ್ಕೆಲದ ಗಟ್ಟಿ ಪದರನ್ನು ನಡುವಿಗೆ ಎಳೆದು ಹೊಲಿದರು. ಗಾಯ ಮಾಗಿದ ಮೇಲೆ ಒಂದು ಮಧ್ಯಾಹ್ನ ಅವನು ಖಣಿಲ್ಲನೆ ಕೆಮ್ಮಿದ. ಮರಿಯವ್ವ ಕುಣಿದಾಡುವುದೊಂದು ಬಾಕಿ.

"ಇನ್ನೊಮ್ಮೆ ಕೆಮ್ಮೋ ನಮ್ಮಪ್ಪಾ!"

"ಸಾಕ್ ಬಿಡಬೇ, ಬರವಲ್ದು!" ಎಂದು ಹುಡುಗ ನಗತೊಡಗಿದ.

ಹತ್ತು ತುಂಬುವಷ್ಟರಲ್ಲಿ ನಳಿಕೆ ಹಾಕಿಕೊಳ್ಳುವುದನ್ನು ಫಕ್ಕೀರೇಶ ತಾನೇ ಕಲಿತ. ಶಾಲೆಯ ಚೀಲದಲ್ಲಿ ಅದಕ್ಕೊಂದು ಡಬ್ಬಿ ಇರುತ್ತಿತ್ತು. ಕೇಳಿದವರಿಗೆ ನಾಚಿಕೆಯಿಲ್ಲದೆ ಹೇಳುತ್ತಿದ್ದ. ಮೂರು ತಿಂಗಳಿಗೊಮ್ಮೆ ರಕ್ತ, ಉಚ್ಚೆ ಪರೀಕ್ಷೆ ಇದ್ದೇ ಇತ್ತು.

೧೯೯೬ರಲ್ಲಿ ಡಾಕ್ಟರು ರಘೋತ್ತಮ ಹೊಳಿಯವ್ವನಿಗೆ ಹೇಳಿಕಳಿಸಿದರು. ಹಾವೇರಿ ಹತ್ತಿರದ ಅಗಡಿಯಲ್ಲಿ ಮೈಲವ್ವ ಎಂಬವಳಿಗೆ ಇಂಥದೇ ಗಂಡುಕೂಸು. ದವಾಖಾನೆಯಲ್ಲಿ ಕಲಿಸಿ ಕಳಿಸಿದ್ದರೂ ಮನೆಗೆ ಬಂದ ಮೇಲೆ ನಳಿಕೆ ಮುಟ್ಟಲು ಅಂಜುತ್ತಿದ್ದಾಳೆ. ಹೊಳಿಯವ್ವ ಮಗನನ್ನು ಕರೆದುಕೊಂಡು ಹೋದಳು. ಫಕ್ಕೀರೇಶ ಅಂಗಿ ಎತ್ತಿ ಹೊಟ್ಟೆಯ ಗೆರೆ ತೋರಿಸಿದ. ಮೈಲವ್ವ ಬೆರಳಿಂದ ಸವರಿ, "ನೋಯತೈತೇನೋ ತಮ್ಮಾ?" ಎಂದಳು.

"ಇಲ್ಲಬೇ ಅಕ್ಕಾ. ನಾ ಬಾವ್ಯಾಗ ಈಸಾಕೂ ಹೋಗತೇನಿ."

ಮೈಲವ್ವ ನಳಿಕೆ ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. "ಇವತ್ತ ಬರಲಿಲ್ಲಂದ್ರ ನಾಳೆ ಬರತೈತಿ. ನಾ ಇಲ್ಲೇ ಇರತೇನಿ, ಅಂಜಬ್ಯಾಡ," ಎಂದು ಹೊಳಿಯವ್ವ ಅವಳ ಬೆನ್ನ ಹಿಂದೆ ಕುಳಿತು, ಮುಂಗೈ ಹಿಡಿದು ನಡೆಸಿದಳು. ಮೂರು ದಿನ ಅಲ್ಲೇ ಉಳಿದಳು. ನಾಲ್ಕನೆಯ ದಿನ ಬೆಳಿಗ್ಗೆ ಮೈಲವ್ವ ಯಾರನ್ನೂ ಕರೆಯದೆ ತಾನೇ ಕೆಲಸ ಮುಗಿಸಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದಳು. ಹೊಳಿಯವ್ವನಿಗೆ ಏಳುವ ಕೆಲಸವೇ ಬೀಳಲಿಲ್ಲ; ಚಹಾ ಕುಡಿಯುತ್ತ ಕುಳಿತೇ ಇದ್ದಳು.