ಎಡಗೈಯಲ್ಲಿ ಕೊಟ್ಟ ಕಪ್

ನನ್ನ ಮೊಮ್ಮಗ ಎಡಚ. ಚಿಕ್ಕವನಿದ್ದಾಗ ಅವನು ಎಡಗೈಯಲ್ಲಿ ಏನು ಕೊಟ್ಟರೂ ನಾನು ಮುಟ್ಟುತ್ತಿರಲಿಲ್ಲ. "ಬಲಗೈಯಲ್ಲಿ ಕೊಡಾ ಮಾಣಿ" ಎಂದು ಕೈಗೊಂದು ಪೆಟ್ಟು ಹಾಕುತ್ತಿದ್ದೆ.

"ಈ ಕೈ ಎಂತ ಅಜ್ಜಿ, ಪಕ್ಕದ ಮನೆಯವರದ್ದಾ?" ಎಂದು ನಗುತ್ತಿದ್ದ.

ಬಾಳಗಡಿಯ ಕಾಲೇಜಿಗೆ ಸೇರಿದ ಮೇಲೆ ವಾಲಿಬಾಲಿನಲ್ಲಿ ಅದೇ ಕೈ ಹೆಸರು ಮಾಡಿತು. ಅವನು ಹೊಡೆದ ಚೆಂಡು ಎಲ್ಲಿ ಬೀಳುತ್ತದೆಂದು ಎದುರಿನವರಿಗೆ ತಿಳಿಯುತ್ತಲೇ ಇರಲಿಲ್ಲವಂತೆ. ನಾನು ಒಂದು ದಿನವೂ ಹೋಗಿ ನೋಡಲಿಲ್ಲ. ಇಪ್ಪತ್ತೊಂದು ವರ್ಷಕ್ಕೆ, ಎರಡೇ ದಿನದ ಜ್ವರದಲ್ಲಿ ಹೋಗಿಬಿಟ್ಟ.

ಮರುವರ್ಷ ಗೆಳೆಯರು ಅವನ ಹೆಸರಿನಲ್ಲಿ ಪಂದ್ಯ ಇಟ್ಟು, ಕಪ್ ಕೊಡಲು ನನ್ನನ್ನೇ ಕರೆದರು. ಅವನ ತಂಡವೇ ಗೆದ್ದಿತು. ನಾನು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಡಗೈಯಲ್ಲಿ ಕಪ್ ಎತ್ತಿದೆ.

"ಬಲಗೈ ಅಜ್ಜಿ, ಬಲಗೈ" ಎಂದು ಪಕ್ಕದಲ್ಲಿ ನಿಂತಿದ್ದ ಕಾಲೇಜಿನ ಮೇಷ್ಟ್ರು ಪಿಸುಗುಟ್ಟಿದರು.

"ನಂಗೊತ್ತು ಮಾರಾಯ್ರೇ. ಇವತ್ತು ಇದೇ ಕೈ."

ಹುಡುಗರಿಗೆ ತಕ್ಷಣ ತಿಳಿಯಿತು. ಕ್ಯಾಪ್ಟನ್ ತಾನೂ ಎಡಗೈ ಚಾಚಿದ. ಮೈದಾನದ ತುಂಬ ಸಿಳ್ಳೆ. ಭಾರದ ಕಪ್ ಅದು, ಆದರೂ ಒಂದೇ ಕೈಯಲ್ಲಿ ಅವನಿಗೆ ಕೊಟ್ಟೆ. ಆಮೇಲೆ ಸೋತ ತಂಡದವರೂ ಸಾಲಾಗಿ ಬಂದು ನನಗೆ ಎಡಗೈಯನ್ನೇ ಕೊಟ್ಟರು. ನಾನು ನಗುನಗುತ್ತಾ ಒಂದೊಂದನ್ನೂ ಗಟ್ಟಿಯಾಗಿ ಹಿಡಿದೆ.