ಆ್ಯಸಿಡ್ ಮುಟ್ಟದ ಚೂರು

ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ‘ಮೂಳೆ ಅಕ್ಕ’ ಎಂದೇ. ಅವಳ ದುಂಡು ಮೈ ನೋಡಿದವರಿಗೆ ಯಾರೋ ಕುಹಕಕ್ಕೆ ಇಟ್ಟ ಹೆಸರು ಅನ್ನಿಸೀತು. ಆದರೆ ಅದು ಕೆಲಸದಿಂದ ಬಂದದ್ದು. ರೋಗಿಯ ಮೂಳೆಯಿಂದ ತೆಗೆದ ಚೂರು ಕಲ್ಲಿನಷ್ಟು ಗಟ್ಟಿ. ಅದನ್ನು ಆ್ಯಸಿಡ್‌ನಲ್ಲಿ ನೆನೆಸಿ, ಮೆತ್ತಗಾದ ಮೇಲೆ ತೆಳ್ಳಗೆ ಸೀಳಿ ಗಾಜಿನ ಪಟ್ಟಿಯ ಮೇಲೆ ಕೂರಿಸುವುದು ಅವಳ ಕಸುಬು. ಹೊಸಬರಿಗೆಲ್ಲ ಅವಳು ಹೇಳಿಕೊಡುವ ಮೊದಲ ಪಾಠ ಒಂದೇ: ಮೂಳೆ ಆ್ಯಸಿಡ್‌ಗೆ ಇಳಿಯುವ ಮೊದಲು ಮೆತ್ತನೆಯ ಭಾಗ ಒಂದಿಷ್ಟು ಬೇರೆ ತೆಗೆದಿಡಬೇಕು. ಆ್ಯಸಿಡ್ ಜೀವಕೋಶದೊಳಗಿನ ಜೀನುಗಳನ್ನೂ ಹಾಳುಮಾಡಿಬಿಡುತ್ತದೆ.

ಆ ಪಾಠವನ್ನು ಒಂದು ದಿನ ಅವಳೇ ಮರೆತಳು. ಬಾಗಿಲು ಹಾಕುವ ಹೊತ್ತಿಗೆ ಒಂದು ಬಾಟಲಿ ಬಂತು, ಹನ್ನೊಂದು ವರ್ಷದ ಹುಡುಗಿಯ ತೊಡೆಮೂಳೆಯ ಚೂರು. ಅತ್ತ ಗಂಡನ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಬಚ್ಚಲಿನ ನಲ್ಲಿ ಕಿತ್ತು ಕೈಗೆ ಬಂದಿತ್ತಂತೆ, ಮನೆಯೆಲ್ಲ ನೀರಂತೆ. ‘ಏನು ಮಾಡ್ಲಿ’ ಅನ್ನುವುದೊಂದು ಬಿಟ್ಟು ಆ ಮಹಾನುಭಾವನಿಗೆ ಬೇರೇನೂ ತೋಚಿರಲಿಲ್ಲ. ಅವಳು ಕಿವಿಯನ್ನು ಗಂಡನಿಗೆ ಕೊಟ್ಟು, ಇಡೀ ಚೂರನ್ನು ಆ್ಯಸಿಡ್‌ಗೆ ಕೊಟ್ಟು, ಮನೆಗೆ ಓಡಿದಳು.

ಎರಡು ದಿನ ಬಿಟ್ಟು ಗಾಜಿನ ಪಟ್ಟಿ ನೋಡಿದ ಡಾಕ್ಟರಮ್ಮ ಸೂಕ್ಷ್ಮದರ್ಶಕದಿಂದ ತಲೆಯೆತ್ತಿದರು. “ಬರೀ ಸಣ್ಣ ದುಂಡನೆ ಕೋಶಗಳು. ಮೂರ್ನಾಲ್ಕು ಥರದ ಕ್ಯಾನ್ಸರ್ ನೋಡೋಕೆ ಹೀಗೇ ಇರುತ್ವೆ, ಔಷಧಿ ಮಾತ್ರ ಬೇರೆ ಬೇರೆ. ನನಗನ್ಸೋದು, ಎರಡು ಜೀನ್ ಮುರಿದು ಒಂದಕ್ಕೊಂದು ಅಂಟಿಕೊಂಡಿವೆ. ಅದರಿಂದ ಇರಬಾರದ ಒಂದು ಪ್ರೋಟೀನ್ ಹುಟ್ಟುತ್ತೆ. ಅದು ಯಜಮಾನನ ಥರ ಕೂತ್ಕೊಂಡು, ಸುಮ್ಮನಿರಬೇಕಾದ ಜೀನ್‌ಗಳನ್ನ ಎಬ್ಬಿಸುತ್ತೆ, ಕೆಲಸ ಮಾಡೋವುಗಳ ಬಾಯಿ ಮುಚ್ಚಿಸುತ್ತೆ. ಆಮೇಲೆ ಆ ಕೋಶಕ್ಕೆ ಬೆಳೆಯೋದೊಂದೇ ಗೊತ್ತು. ಜೀನ್ ಪರೀಕ್ಷೆ ಮಾಡಿದ್ರೆ ಖಚಿತ ಆಗುತ್ತೆ. ತೆಗೆದಿಟ್ಟ ಮೆತ್ತನೆ ಚೂರು ಕೊಡಿ.”

ಮೂಳೆ ಅಕ್ಕ ಕೈಲಿದ್ದ ಗಾಜಿನ ಪಟ್ಟಿಗಳನ್ನು ಮೇಜಿನ ಮೇಲಿಟ್ಟಳು. “ತೆಗೆದಿಟ್ಟಿಲ್ಲ ಡಾಕ್ಟ್ರೇ. ಎಲ್ಲಾ ಆ್ಯಸಿಡ್‌ಗೆ ಹಾಕಿಬಿಟ್ಟೆ.”

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಹಾಗಾದ್ರೆ ಮಗೂನ ಮತ್ತೆ ಮಲಗಿಸಿ ಮೂಳೆ ಕೊರೀಬೇಕಾಗುತ್ತೆ. ಅವರಪ್ಪನಿಗೆ ಒಂದು ಮಾತು ಹೇಳಿರ್ತೀನಿ,” ಎಂದರಷ್ಟೇ.

ಅವಳು ಅಳುತ್ತಲೇ ಕಸದ ಟ್ರೇ ಕೆದಕಿದಳು. ಚೂರು ಬಂದಿದ್ದ ಬಾಟಲಿ, ಕೆಡದಂತೆ ಕಾಯುವ ದ್ರವದ ಸಮೇತ, ಇನ್ನೂ ಅಲ್ಲೇ ಇತ್ತು. ಬೆಳಕಿಗೆ ಹಿಡಿದರೆ ತಳದಲ್ಲಿ ಏನೋ ಮಡ್ಡಿ. ಸೋಸುವ ಕಾಗದದ ಮೇಲೆ ಸುರಿದಳು. ಸಾಸಿವೆಗಿಂತ ಸಣ್ಣ, ಕಂದು ಬಣ್ಣದ ಕಣಗಳು ಉಳಿದವು. ಮೂಳೆಯಿಂದ ಉದುರಿದವು, ಆ್ಯಸಿಡ್ ಕಾಣದವು.

“ಸಾಕಾಗುತ್ತಾ ಡಾಕ್ಟ್ರೇ?”

“ಗೊತ್ತಿಲ್ಲ. ಕಳಿಸಿ ನೋಡೋಣ.”

ಉತ್ತರ ಬರುವವರೆಗೆ ಅವಳು ದಿನಕ್ಕೆ ನಾಲ್ಕು ಸಲ ಡಾಕ್ಟರಮ್ಮನ ಬಾಗಿಲಿಗೆ ಹೋಗಿ ಬಂದಳು. ಕೊನೆಗೆ ಬಂತು: ಜೀನುಗಳು ಅಂಟಿಕೊಂಡಿರುವುದು ನಿಜ, ಡಾಕ್ಟರಮ್ಮ ಹೇಳಿದ ರೋಗವೇ. ಕ್ಯಾನ್ಸರ್ ಖಚಿತವಾಯಿತೆಂದು ಯಾರಾದರೂ ಕುಣಿಯುತ್ತಾರೆಯೇ? ಅವಳು ಕುಣಿದಳು. ಆಮೇಲೆ ನಾಚಿಕೆಯಾಗಿ, ಏಪ್ರನ್ ಬಿಚ್ಚಿಟ್ಟು, ಎಂದೂ ಹೋಗದ ಮಕ್ಕಳ ವಾರ್ಡಿಗೆ ಹೋದಳು.

ಹುಡುಗಿ ಮುಸುಕು ಹೊದ್ದು ಮಲಗಿದ್ದಳು. ಅಪ್ಪ ಲಾರಿ ಡ್ರೈವರ್. ಮಂಚದ ಪಕ್ಕದ ಸ್ಟೂಲಿನಲ್ಲಿ ಮುದುಡಿ ಕುಳಿತಿದ್ದ. ತಾನು ಲ್ಯಾಬಿನವಳು ಎಂದಳು ಮೂಳೆ ಅಕ್ಕ. “ಮತ್ತೆ ಮೂಳೆ ಕೊರೀತೀರಂತಲ್ಲ,” ಎಂದು ಪಿಸುಗುಟ್ಟಿದ. “ಅವಳಿಗಿನ್ನೂ ಹೇಳಿಲ್ಲ. ಹೇಗೆ ಹೇಳ್ಲಿ?”

“ಹೇಳೋದು ಬೇಡಣ್ಣ. ಮತ್ತೆ ಕೊರೆಯಲ್ಲ. ಯಾವ ಔಷಧಿ ಅಂತ ಗೊತ್ತಾಯ್ತು, ನಾಳೆಯಿಂದ್ಲೇ ಶುರು. ಇದರಿಂದ ವಾಸಿಯಾಗಿ ಹೋದ ಮಕ್ಕಳಿದ್ದಾರೆ. ತಡ ಆಗಿದ್ದು ನನ್ನ ತಪ್ಪಿಂದ. ಬೈಯೋದಿದ್ರೆ ಬೈದುಬಿಡಿ.”

ಅವನು ಬಾಯಿ ತೆರೆಯುವಷ್ಟರಲ್ಲಿ ಮುಸುಕು ಅಲುಗಿತು. ಒಂದು ಕಣ್ಣು ಹೊರಗೆ ಬಂತು.

“ನಿಜವಾಗ್ಲೂ ಕೊರೆಯಲ್ವಾ?”

“ಇಲ್ಲ ಪುಟ್ಟಿ. ಔಷಧಿಗೆ ಸೂಜಿ ಚುಚ್ತಾರೆ, ಅಷ್ಟೇ.”

“ಸೂಜಿ ಪರವಾಗಿಲ್ಲ,” ಎಂದಳು ಹುಡುಗಿ. “ಅಪ್ಪಾ, ಮತ್ತೆ ಕೊರೀಬೇಕು ಅಂತ ಡಾಕ್ಟರಮ್ಮ ನಿಂಗೆ ಹೇಳಿದ್ದು ನಂಗೆ ಅವತ್ತೇ ಕೇಳಿಸಿತ್ತು. ನೀನು ಹೆದರ್ಕೋತೀಯ ಅಂತ ಸುಮ್ನಿದ್ದೆ.”

ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಹುಡುಗಿ ಕೈ ಚಾಚಿ ಅವನ ಬೆನ್ನು ಸವರತೊಡಗಿದಳು.