ಹಳದಿ ಪ್ಲೇಟಿನ ಮೇಲೆ ನಿಮ್ಮ ನಂಬರ್

ಸಿದ್ದಪ್ಪಣ್ಣ, ಆ ಇನ್ನೊಂದು ಕಾರಿಗೆ ನಿಮ್ಮ ನಂಬರ್ ಬರೆದವನು ನಾನು. ಅಳಿಸಿದವನೂ ನಾನೇ. ನೀವು ಕೇಳಿದಾಗ ಇಲ್ಲ ಎಂದವನೂ ನಾನೇ.

ಇಷ್ಟು ಬರೆಯಲು ಎಂಟು ವರ್ಷ ಹಿಡಿಯಿತು. ನನ್ನ ಯೋಗ್ಯತೆ ಅಷ್ಟೇ.

ತೊಂಬತ್ತರ ದಶಕದ ಕೊನೆಯ ದಿನಗಳು. ಮದರಾಸಿನ ವಡಪಳನಿಯ ನನ್ನ ಅಂಗಡಿಯಲ್ಲಿ ಎರಡು ಬಗೆಯ ನಂಬರ್ ಪ್ಲೇಟ್ ಬರೆಯುತ್ತಿದ್ದೆ — ಜನರ ಗಾಡಿಗಳಿಗೆ ನಿಜದ್ದು, ಸಿನಿಮಾದವರಿಗೆ ಸುಳ್ಳಿನದು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಒಂದೇ ಒಂದು ಕಟ್ಟಳೆ ಹಾಕಿದ್ದರು: ಶೂಟಿಂಗ್ ಪ್ಲೇಟಿಗೆ ಆರ್.ಟಿ.ಓ. ಇನ್ನೂ ಯಾರಿಗೂ ಕೊಡದ ನಂಬರನ್ನೇ ಹಾಕಬೇಕು, ಬದುಕಿರುವವರ ನಂಬರ್ ಮುಟ್ಟಬಾರದು. ಹದಿನೈದು ವರ್ಷ ಪಾಲಿಸಿದೆ. ಒಂದು ದಿನ ಪಾಲಿಸಲಿಲ್ಲ.

ಆ ವಾರವೇ ನಿಮ್ಮ ಟ್ಯಾಕ್ಸಿಗೆ ಹೊಸ ಪ್ಲೇಟ್ ಬರೆದುಕೊಟ್ಟಿದ್ದೆ, ಹಳದಿಯ ಮೇಲೆ ಕಪ್ಪು. "ಅಕ್ಷರ ದಪ್ಪಗ ಇರಲಿ ನಾಗರಾಜ, ಪೊಲೀಸರಿಗೆ ದೂರದಿಂದನ ಕಾಣಬೇಕು" ಎಂದು ನಿಂತು ಬರೆಸಿದ್ದಿರಿ. ನಮ್ಮ ಕೆಲಸದ ರೀತಿ ನಿಮಗೆ ಗೊತ್ತೇ ಇದೆ. ಮೊದಲು ಕಾಗದದಲ್ಲಿ ಅಕ್ಷರ ಬಿಡಿಸಿ, ಅಂಚಿನುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ತಗಡಿನ ಮೇಲಿಟ್ಟು ಇದ್ದಿಲ ಪುಡಿ ತಟ್ಟುತ್ತೇವೆ. ಅಚ್ಚು ಇಳಿಯುತ್ತದೆ. ನಿಮ್ಮ ನಂಬರಿನ ಕಾಗದ ಇನ್ನೂ ಗೋಡೆಯ ಮೊಳೆಗೆ ನೇತಾಡುತ್ತಲೇ ಇತ್ತು.

ಆಗ ಬಂದವನು ಸಿನಿಮಾ ಕಂಪನಿಯ ಮ್ಯಾನೇಜರ್. ನಿಮ್ಮದರಂಥದೇ ಬಿಳಿ ಅಂಬಾಸಿಡರ್, ನಾಯಕಿ ಟ್ಯಾಕ್ಸಿಯಿಂದ ಇಳಿಯುವ ದೃಶ್ಯ, ಅರ್ಧ ಗಂಟೆಯಲ್ಲಿ ಪ್ಲೇಟ್ ಬೇಕು. ಹೊಸ ನಂಬರ್ ಹುಡುಕಿ, ಬಿಡಿಸಿ, ಚುಚ್ಚಲು ಅಷ್ಟು ಹೊತ್ತು ಸಾಲದು. ನಿಮ್ಮ ಕಾಗದದ ಮೇಲೆ ಕೈ ಹೋಯಿತು. ಶೂಟಿಂಗ್ ಮುಗಿದ ಕೂಡಲೇ ತೆಗೆದುಬಿಡಿ, ಇದು ಓಡುವ ಗಾಡಿಯ ನಂಬರ್ ಎಂದು ಹೇಳಿದೆ — ಹೇಳಿದ್ದೇನೋ ನಿಜ. ಅವನು ನಕ್ಕ. "ಶೂಟಿಂಗ್ ವಂಡಿಪ್ಪಾ ಇದು. ಇದುಕ್ಕೆಲ್ಲಾಂ ರೂಲ್ಸ್ ಕಿಡಯಾದು!"

ಶೂಟಿಂಗ್ ಗಾಡಿಗೆ ರೂಲ್ಸ್ ಇಲ್ಲವಂತೆ! ಸ್ಟುಡಿಯೋ ಗೇಟಿನೊಳಗೆ ಇಲ್ಲದಿರಬಹುದು. ಆದರೆ ಆ ಪುಣ್ಯಾತ್ಮ ಮರುದಿನ ಬೆಳಗ್ಗೆ ಅದೇ ಪ್ಲೇಟಿನಲ್ಲಿ ರಸ್ತೆಗಿಳಿದ. ಹಾಲು ತರಲು ಹೊರಟಿದ್ದ ಒಬ್ಬ ಮುದುಕನಿಗೆ ಗುದ್ದಿ, ನಿಲ್ಲಿಸದೆ ಹೋದ. ಮುದುಕನ ಕಾಲು ಮುರಿಯಿತು. ಟೀ ಅಂಗಡಿಯವನು ನಂಬರ್ ಓದಿಕೊಂಡ. ಓದದೆ ಏನು — ನಾನು ಅಷ್ಟು ದಪ್ಪಗೆ ಬರೆದಿದ್ದೆ.

ಮಧ್ಯಾಹ್ನ ಮ್ಯಾನೇಜರ್ ಪ್ಲೇಟುಗಳನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದ. ಸಣ್ಣದೊಂದು ತೊಂದರೆ ಆಗಿದೆ, ಅಳಿಸಿಬಿಡು ಎಂದ. ಇನ್ನು ಮುಂದೆ ಕಂಪನಿಯ ಬೋರ್ಡುಗಳೆಲ್ಲ ನಿನ್ನದೇ ಎಂದ. ಏನು ತೊಂದರೆ ಎಂದು ನಾನು ಕೇಳಲಿಲ್ಲ. ಬಟ್ಟೆಗೆ ತಿನ್ನರ್ ಸುರಿದುಕೊಂಡು ತಿಕ್ಕಿದೆ.

ಪೊಲೀಸರು ನಿಮ್ಮ ಮನೆಗೆ ಬಂದರು. ಮುದುಕನಿಗೆ ಗುದ್ದಿದ ಹೊತ್ತಿನಲ್ಲಿ ನೀವು ತಿರುಪತಿ ಟ್ರಿಪ್ ಮುಗಿಸಿ ಮನೆಯಲ್ಲಿ ಮಲಗಿದ್ದಿರಿ. ಅದಕ್ಕೆ ಸಾಕ್ಷಿ ಗೌರಕ್ಕ ಒಬ್ಬರೇ. ಹೆಂಡತಿಯ ಮಾತು ಯಾರಿಗೆ ಬೇಕು? ನಿಮ್ಮ ಕಾರಿನ ಬಂಪರ್ ನೆಗ್ಗಿದೆ ಎಂದರು ಪೊಲೀಸರು. ಅಲ್ಲಾ, ಮದರಾಸಿನಲ್ಲಿ ನೆಗ್ಗದ ಟ್ಯಾಕ್ಸಿ ಬಂಪರ್ ಯಾವುದಿದೆ ತೋರಿಸಲಿ! ಆ ಸಂಜೆ ನಿಮ್ಮ ಮನೆಗೆ ಬಂದೆ. ಗೌರಕ್ಕ ಅಳುತ್ತಲೇ ರೊಟ್ಟಿ ಬಡಿಸಿದರು. ನೀವು ನನ್ನ ಮುಖ ನೋಡಿ ಕೇಳಿದಿರಿ:

"ಖರೇ ಹೇಳಪಾ ನಾಗರಾಜ. ಇದ ನಂಬರ ಮತ್ತ ಯಾವ ಗಾಡಿಗರೆ ಬರದೀಯೇನು?"

"ಇಲ್ಲಣ್ಣ."

ಬಾಯಲ್ಲಿ ನಿಮ್ಮ ಮನೆಯ ರೊಟ್ಟಿ ಇತ್ತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ — ಸುಳ್ಳು. ತಿಂದವನು ನಾನು, ನೀರು ಕುಡಿದವರು ನೀವು. ಕೋರ್ಟು ನಾಲ್ಕು ವರ್ಷ ಎಳೆಯಿತು. ಲೈಸೆನ್ಸ್ ಹೋಯಿತು, ಕಾರು ಮಾರಿದಿರಿ, ಆಚೆ ಬೀದಿಯ ಜನ ನಿಮ್ಮನ್ನು ಮುದುಕನನ್ನು ಗುದ್ದಿ ಓಡಿಹೋದವನು ಎಂದೇ ಕರೆದರು. ನೀವು ತಾಂಬರಂ ಕಡೆಗೆ ಮನೆ ಬದಲಾಯಿಸಿದಿರಿ.

ನನಗೆ ಮೈ ಉರಿಯುತ್ತದೆ ಅಣ್ಣ. ಪ್ಲೇಟಿನ ಅಕ್ಷರ ಒಂದು ನೂಲಿನಷ್ಟು ಸಣ್ಣದಾದರೆ ನಿಮ್ಮಂಥವರಿಗೆ ರಸ್ತೆ ಮಧ್ಯೆ ದಂಡ. ದೊಡ್ಡ ಮನೆಯ ಹೊಸ ಕಾರು, ಅದೃಷ್ಟದ ನಂಬರ್ ಸಿಗುವವರೆಗೆ, ಬರೀ 'ಫಾರ್ ರಿಜಿಸ್ಟ್ರೇಷನ್' ಎಂದು ಬರೆಸಿಕೊಂಡು ತಿಂಗಳುಗಟ್ಟಲೆ ತಿರುಗಬಹುದು. ಪಕ್ಷದ ಬಾವುಟ ನಂಬರನ್ನು ಮುಚ್ಚಿಕೊಂಡಿದ್ದರೆ ಅದೇ ಪೊಲೀಸಪ್ಪ ಸಲಾಮು ಹೊಡೆಯುತ್ತಾನೆ. ವಿನಾಯಿತಿ ಎಲ್ಲ ಅವರಿಗೆ, ಕಾನೂನು ಎಲ್ಲ ನಿಮಗೆ! ಆ ಮ್ಯಾನೇಜರ್ ಇವತ್ತಿಗೂ ಕಾರಿನಲ್ಲೇ ಓಡಾಡುತ್ತಾನೆ. ಹೀಗೆಲ್ಲ ಬೈದುಕೊಂಡೇ ಎಂಟು ವರ್ಷ ಕಳೆದೆ. ಥೂ — ಅವರನ್ನು ಬೈಯುವುದು ಎಷ್ಟು ಸುಲಭ! ನನಗೆ ನಾನೇ ಕೊಟ್ಟುಕೊಂಡ ವಿನಾಯಿತಿಗಿಂತ ದೊಡ್ಡದು ಅವರಲ್ಲಿ ಯಾರಿಗೂ ಸಿಕ್ಕಿಲ್ಲ.

ಹೋದ ವಾರ ಪೆರುಂಗುಡಿಯ ಒಂದು ಕಂಪ್ಯೂಟರ್ ಆಫೀಸಿಗೆ ಪಾರ್ಕಿಂಗ್ ಬೋರ್ಡು ಬರೆಯಲು ಹೋದೆ. ಗೇಟಿನಲ್ಲಿ ನೀಲಿ ಯೂನಿಫಾರಂ ತೊಟ್ಟು, ಬರುವ ಹೋಗುವ ಕಾರುಗಳ ನಂಬರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತ ನಿಂತಿದ್ದವರು ನೀವು. ತಲೆ ಪೂರ್ತಿ ಬೆಳ್ಳಗಾಗಿತ್ತು. ಓಡಿಹೋಗೋಣ ಎನಿಸಿತು. ನೀವೇ ಕೈ ಹಿಡಿದುಕೊಂಡಿರಿ.

"ಏನಪಾ, ಎಷ್ಟ ವರ್ಷ ಆತು!" ಎಂದಿರಿ. ಆಮೇಲೆ ಪಕ್ಕದ ಸೆಕ್ಯೂರಿಟಿಯವನಿಗೆ ನನ್ನನ್ನು ತೋರಿಸಿ ತಮಿಳಿನಲ್ಲಿ ಹೇಳಿದಿರಿ — "ನನ್ನ ಕೇಸಿನ ದಿನ ಊರಿಗೆ ಊರೇ ದೂರ ಸರಿದಾಗ ಪೊಲೀಸ್ ಸ್ಟೇಷನ್ ತನಕ ಜೊತೆಗೆ ಬಂದವನು ಇವನೊಬ್ಬನೇ."

ಹೌದು, ಬಂದಿದ್ದೆ. ಯಾಕೆ ಬಂದಿದ್ದೆ ಎಂದು ನಿಮಗೆ ಗೊತ್ತಿಲ್ಲ. ಪೊಲೀಸರ ಮುಂದೆ ನನ್ನ ಅಂಗಡಿಯ ಹೆಸರು ಬರುತ್ತದೋ ಇಲ್ಲವೋ ಎಂದು ಕೇಳಿಸಿಕೊಳ್ಳಲು ಬಂದಿದ್ದೆ, ಅಣ್ಣ. ಬರಲಿಲ್ಲ. ನೀವು ಬರಗೊಡಲಿಲ್ಲ. ಪ್ಲೇಟ್ ಬರೆದವರು ಯಾರು ಎಂದು ಇನ್ಸ್‌ಪೆಕ್ಟರ್ ಕೇಳಿದಾಗ, "ಅಂವಾ ಬಡವ, ಅವನ್ನ ಯಾಕ ಇದರಾಗ ಎಳೀತೀರಿ" ಎಂದಿರಿ.

ಕ್ಷಮಿಸಿ ಎಂದು ಇದರಲ್ಲಿ ಎಲ್ಲೂ ಬರೆದಿಲ್ಲ. ಆ ಮಾತು ಕೇಳುವ ಮುಖ ನನಗಿಲ್ಲ. ಇದರದೇ ಇನ್ನೊಂದು ಪ್ರತಿಗೆ ಸಹಿ ಹಾಕಿ ಇವತ್ತು ಬೆಳಗ್ಗೆ ಸ್ಟೇಷನ್ನಿನಲ್ಲಿ ಕೊಟ್ಟು ಬಂದೆ. ಮ್ಯಾನೇಜರ್ ಹೆಸರೂ ಅದರಲ್ಲಿದೆ. ಅವರು ಕರೆಸುತ್ತೇವೆ ಎಂದಿದ್ದಾರೆ. ಕರೆಸಿದ ದಿನ ನೀವು ನನ್ನ ಜೊತೆಗೆ ಬರಬೇಡಿ.